ಸಹಾಯ ಬೇಕು: ಕಾರ್ನಿಯಾ ಗಟ್ಟಿಯಾಗಿದೆಯೋ, ಸುಮ್ನೆ ಒಣಗಿದೆಯೋ?

ಎಲ್ಲರಿಗೂ ನಮಸ್ಕಾರ. ಮೇಕೆ ಕಣ್ಣಿನ ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಎಷ್ಟು ಗಟ್ಟಿ ಅಂತ ಬ್ರಿಲೂಯಿನ್ ಮೈಕ್ರೋಸ್ಕೋಪ್‌ನಲ್ಲಿ ಅಳೆಯುತ್ತಿದ್ದೇನೆ, 780 ನ್ಯಾನೋಮೀಟರ್ ಲೇಸರ್. ಮುಟ್ಟದೆ, ಕತ್ತರಿಸದೆ ಬರೀ ಚದುರಿದ ಬೆಳಕಿನಿಂದ ಅಳೆಯಬಹುದು. ಕೆರಾಟೋಕೋನಸ್ (ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಉಬ್ಬುವ ಕಾಯಿಲೆ) ಇರುವವರಿಗೆ ಇದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ, ಅದಕ್ಕೇ ಬಿಡಲು ಮನಸ್ಸಿಲ್ಲ.

ತೊಂದರೆ ಏನೆಂದರೆ, ಕಾರ್ನಿಯಾ ಸ್ವಲ್ಪ ಒಣಗಿದರೂ ಶಿಫ್ಟ್ (ಚದುರಿದ ಬೆಳಕಿನ ಆವರ್ತನದಲ್ಲಿ ಆಗುವ ಬದಲಾವಣೆ, ಇದರಿಂದಲೇ ಗಟ್ಟಿತನ ಲೆಕ್ಕ ಹಾಕುವುದು) ಏರುತ್ತದೆ, ಸಲೈನ್‌ನಲ್ಲಿ ಊದಿಕೊಂಡರೆ ಇಳಿಯುತ್ತದೆ. ನೀರು, ಮೆಥನಾಲ್ ಎರಡನ್ನೂ ಇಟ್ಟು ಕ್ಯಾಲಿಬ್ರೇಟ್ ಮಾಡಿದೆ, ನೀರಿನ ಶಿಫ್ಟ್ ಸುಮಾರು 5 ಗಿಗಾಹರ್ಟ್ಸ್ ಸರಿಯಾಗೇ ಬರುತ್ತಿದೆ, ಕೋಣೆಯ ತಾಪಮಾನವೂ ಏರುಪೇರಾಗುತ್ತಿಲ್ಲ. ಡೆಕ್ಸ್‌ಟ್ರಾನ್ (ನೀರು ಎಳೆದುಕೊಳ್ಳುವ ವಸ್ತು) ದ್ರಾವಣದಲ್ಲಿ ಇಟ್ಟೆ, ಊತ ಕಡಿಮೆ ಆಯಿತು, ಆದರೆ ಒಂದೊಂದು ಕಣ್ಣು ಒಂದೊಂದು ಥರ. ಮಾಡ್ಯುಲಸ್ (ಗಟ್ಟಿತನದ ಅಳತೆ) ಗಿಗಾಪಾಸ್ಕಲ್‌ನಲ್ಲಿ ಬರುವುದು ಯಾಕೆ ಅಂತ ಗೊತ್ತು, ಎಳೆದು ನೋಡುವ ಪರೀಕ್ಷೆಯ ಯಂಗ್ಸ್ ಮಾಡ್ಯುಲಸ್ ಬೇರೆ, ಇದು ಬೇರೆ ಅಲ್ವಾ.

ನಾನು ಸಿಕ್ಕಿಕೊಂಡಿರುವುದು ಇಲ್ಲಿ: ರಿಬೋಫ್ಲೇವಿನ್ ಹಾಕಿ ಯುವಿ ಬೆಳಕು ಕೊಟ್ಟು ಕ್ರಾಸ್‌ಲಿಂಕಿಂಗ್ (ಕಾರ್ನಿಯಾದ ಕೊಲಾಜನ್ ಪ್ರೋಟೀನ್ ಎಳೆಗಳನ್ನು ಒಂದಕ್ಕೊಂದು ಬೆಸೆಯುವುದು) ಮಾಡಿದ ಮೇಲೆ ಶಿಫ್ಟ್ ಏರಿದರೆ, ಅದು ಕೊಲಾಜನ್ ಗಟ್ಟಿಯಾಗಿದ್ದಕ್ಕೋ ನೀರು ಹೋಗಿದ್ದಕ್ಕೋ ಹೇಳಲು ಆಗುತ್ತಿಲ್ಲ.

ಈ ಕೆಲಸ ಮಾಡಿದವರು ಹೇಳಿ: ಪ್ರತಿ ಕಾರ್ನಿಯಾದ ದಪ್ಪ, ವಕ್ರೀಭವನ ಸೂಚ್ಯಂಕ ಅಳೆದು ಆಮೇಲೆ ಲೆಕ್ಕದಲ್ಲಿ ಸರಿಪಡಿಸಿದರೆ ಸಾಕೇ, ಅಥವಾ ಅಳೆಯುವ ಮೊದಲೇ ಎಲ್ಲದರ ನೀರಿನಂಶ ಒಂದೇ ಮಟ್ಟಕ್ಕೆ ತರಲೇಬೇಕೇ? ತರುವುದಾದರೆ ಹೇಗೆ?