ಮೂರು ಸಾವಿರದೊಳಗೆ ಪ್ರೊಜೆಕ್ಟರ್ ಪರದೆ: ಕೊಡಗಿನ ಮಳೆಗೆ ತಡೆಯುವಂಥದ್ದು ಯಾವುದು?

ಕೇಳಿದವರು, ಸೋಮವಾರಪೇಟೆ:
ಹಳೇ ಸಿನಿಮಾಗಳನ್ನು ದೊಡ್ಡದಾಗಿ ನೋಡಬೇಕು ಅಂತ ಅತ್ತೆಯವರ ಆಸೆ. ಚಿಕ್ಕ ಎಲ್‌ಇಡಿ ಪ್ರೊಜೆಕ್ಟರ್ ತಂದೆವು. ಬೆಡ್‌ಶೀಟ್ ಕಟ್ಟಿ ನೋಡಿದರೆ ಚಿತ್ರ ಮಂಕು. ಗೋಡೆಗೇ ಬಿಡೋಣವೆಂದರೆ ಮಳೆಗಾಲದ ಬೂಷ್ಟಿನ ಕಲೆ. ಕೋಣೆ 12 ಅಡಿ ಉದ್ದ, ಖರ್ಚು 3000 ದಾಟಬಾರದು. ಫ್ಲೆಕ್ಸ್ ಆಗುತ್ತದಾ? ಪ್ಲೈವುಡ್ ಹೊಡೆಸಿ ಬಣ್ಣ ಬಳಿದರೆ ಹೇಗೆ?

ಗೋಣಿಕೊಪ್ಪದಿಂದ:
ಅಕ್ಕ, ಬಟ್ಟೆ ಕೊಳ್ಳುವ ಮೊದಲು ರಾತ್ರಿ ಪ್ರೊಜೆಕ್ಟರನ್ನು ಅದು ಕೂರುವ ಜಾಗದಲ್ಲೇ ಇಟ್ಟು ಗೋಡೆಗೆ ಬಿಡಿ. ನಾಲ್ಕು ಮೂಲೆಗೂ ಪೆನ್ಸಿಲ್ ಗುರುತು ಹಾಕಿ. ಪ್ರೊಜೆಕ್ಟರಿನ ಜೊತೆ ಬಂದ ಪುಸ್ತಕದಲ್ಲಿ ಥ್ರೋ ರೇಶಿಯೋ (ಚಿತ್ರದ ಅಗಲದ ಎಷ್ಟು ಪಟ್ಟು ದೂರದಲ್ಲಿ ಪ್ರೊಜೆಕ್ಟರ್ ಇಡಬೇಕು ಅನ್ನುವ ಲೆಕ್ಕ) ಎಷ್ಟಿದೆ ನೋಡಿ. 1.3 ಇದ್ದರೆ 80 ಇಂಚು ಅಗಲದ ಚಿತ್ರಕ್ಕೆ 104 ಇಂಚು ದೂರ ಬೇಕು, ಅಂದರೆ ಒಂಬತ್ತು ಅಡಿಗೆ ಸ್ವಲ್ಪ ಕಡಿಮೆ. ನಿಮ್ಮ ಕೋಣೆಗೆ ಸರಿಹೋಗುತ್ತದೆ.

ನಮ್ಮ ಮನೆಯದು ಬ್ಲ್ಯಾಕ್‌ಔಟ್ ಬಟ್ಟೆ. ಕಿಟಕಿ ಕರ್ಟನ್ನಿಗೆ ಹಿಂದೆ ಹೊಲಿಯುತ್ತಾರಲ್ಲ, ಬೆಳಕು ತೂರದ ಬಟ್ಟೆ, ಅದರಲ್ಲಿ ಬಿಳಿಯದು. ಬೆಡ್‌ಶೀಟಿನಲ್ಲಿ ಒಂದಷ್ಟು ಬೆಳಕು ಹಿಂದಕ್ಕೆ ಸೋರಿ ಹೋಗುತ್ತದೆ, ಮಂಕಾಗುವುದು ಅದಕ್ಕೇ. ಬ್ಲ್ಯಾಕ್‌ಔಟ್ ಬಟ್ಟೆಯ ಪನ್ನ ಸಾಮಾನ್ಯವಾಗಿ 54 ಇಂಚು. ಅದನ್ನು ಅಡ್ಡಲಾಗಿ ಹಿಡಿದರೆ 80 ಇಂಚು ಅಗಲ, 45 ಇಂಚು ಎತ್ತರದ ಪರದೆಗೆ ನಡುವೆ ಹೊಲಿಗೆಯೇ ಬೇಡ. ಹಿಂದಕ್ಕೆ ಮಡಚಲು ಮೇಲೆ, ಕೆಳಗೆ ನಾಲ್ಕೂವರೆ ಇಂಚು ಉಳಿಯುತ್ತದೆ. ಈ ಅಳತೆ ಸರಿಯಾಗಿ 16:9, ಅಂದರೆ ಈಗಿನ ಟಿವಿಯ ಆಕಾರ. ಮೂಲೆಯಿಂದ ಮೂಲೆಗೆ ಸುಮಾರು 92 ಇಂಚು. ಎರಡೂವರೆ ಮೀಟರ್ ತಂದರೆ ಸಾಕು. 100 ಇಂಚೇ ಬೇಕು ಅಂತ ಹೋದರೆ ಎತ್ತರ 49 ಆಗುತ್ತದೆ, ಮಡಚಲು ಜಾಗ ಸಾಲುವುದಿಲ್ಲ. ಎಂಟು ಇಂಚಿನ ಆಸೆಗೆ ದೊಡ್ಡ ಪನ್ನದ ಬಟ್ಟೆ ಹುಡುಕಿಕೊಂಡು ಮೈಸೂರಿಗೆ ಹೋಗುವುದು ಸುಮ್ನೆ ದಂಡ.

ಫ್ರೇಮಿಗೆ ಒಂದಿಂಚಿನ ಅಲ್ಯೂಮಿನಿಯಂ ಚೌಕ ಪೈಪ್. 12 ಅಡಿಯ ಒಂದು ಪೈಪಿನಲ್ಲಿ ಉದ್ದದ ತುಂಡು, ಎತ್ತರದ ತುಂಡು ಎರಡೂ ಬರುತ್ತವೆ. ಹಾಗೆ ಎರಡು ಪೈಪ್, ನಡುವಿನ ಕಂಬಿಗೆ ಇನ್ನೊಂದು. ಅಲ್ಯೂಮಿನಿಯಂ ಕಿಟಕಿ ಮಾಡುವವರ ಹತ್ತಿರವೇ ಕತ್ತರಿಸಿ, ಮೂಲೆಗೆ ಎಲ್ ಪಟ್ಟಿ ಕೊಟ್ಟು ರಿವೆಟ್ ಹೊಡೆಸಿ. ನಡುವಿನ ಕಂಬಿ ಬಿಡಬೇಡಿ. ಇಲ್ಲದಿದ್ದರೆ ಬಟ್ಟೆ ಬಿಗಿದಾಗ ಉದ್ದದ ಪೈಪ್ ಒಳಕ್ಕೆ ಬಾಗುತ್ತದೆ. ಆದರೆ ಕಂಬಿ ಬಟ್ಟೆಗೆ ತಾಗದಂತೆ ಸ್ವಲ್ಪ ಹಿಂದೆ ಇರಲಿ, ತಾಗಿದರೆ ಚಿತ್ರದ ಮಧ್ಯೆ ಗೆರೆ ಕಾಣುತ್ತದೆ.

ಬಟ್ಟೆಯ ಅಂಚು ಮಡಚಿ ಹೊಲಿಸಿ, ಅರ್ಧ ಅಡಿಗೊಂದು ಐಲೆಟ್ (ದಾರ ತೂರಿಸುವ ಲೋಹದ ಬಳೆ) ಹಾಕಿಸಿ, ಹಿಂದಿನಿಂದ ಎಲಾಸ್ಟಿಕ್ ದಾರದಲ್ಲಿ ಬಿಗಿಯಿರಿ. ಮಧ್ಯದಿಂದ ಶುರು ಮಾಡಿ ಮೇಲೊಂದು, ಕೆಳಗೊಂದು ಅಂತ ಮೂಲೆಯ ಕಡೆಗೆ ಹೋಗಬೇಕು. ಮೂಲೆಯಿಂದ ಶುರು ಮಾಡಿದರೆ ಸುಕ್ಕು ಬಿಡುವುದೇ ಇಲ್ಲ. ನಮಗೆ ಎಲ್ಲ ಸೇರಿ 3000ದೊಳಗೇ ಮುಗಿಯಿತು.

ಕುಶಾಲನಗರದಿಂದ:
ಫ್ಲೆಕ್ಸ್ ಅಗ್ಗ, ನಿಜ. ಆದರೆ ಹೊಳಪು. ನಡುವೆ ಒಂದು ಕಡೆ ಬೆಳಕು ಕಣ್ಣಿಗೆ ಹೊಡೆಯುತ್ತದೆ, ಅಂಚು ಕಪ್ಪಗಾಗುತ್ತದೆ. ಸುರುಳಿ ಬಿಚ್ಚಿದ ಗೆರೆಗಳೂ ಉಳಿಯುತ್ತವೆ. ಮಕ್ಕಳ ಕಾರ್ಟೂನಿಗೆ ಸಾಕು, ಅಷ್ಟೇ.

ಮಡಿಕೇರಿಯಿಂದ:
ಪ್ಲೈವುಡ್ ವಿಷಯಕ್ಕೆ ಬರುತ್ತೇನೆ. ಬಯಲುಸೀಮೆಯವರು ಅದನ್ನೇ ಹೇಳುತ್ತಾರೆ, ಅವರ ಊರಲ್ಲಿ ಅದು ಸರಿ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿ, ಬೆಲ್ಟಿಗೇ ಬೂಷ್ಟು ಬರುತ್ತದೆ. ಸಾಧಾರಣ ಪ್ಲೈ ತೇವ ಕುಡಿದು ಡೊಂಕಾಗುತ್ತದೆ. ತೋಟದ ಸಿಲ್ವರ್ ಓಕ್ ಹಲಗೆ ಇದೆಯಲ್ಲ, ಅದರಲ್ಲೇ ಫ್ರೇಮ್ ಮಾಡಿಸೋಣ ಅಂತಲೂ ಅನ್ನಿಸುತ್ತದೆ. ಸರಿಯಾಗಿ ಒಣಗಿಸದ ಮರವಾದರೆ ಅದೂ ತಿರುಚಿಕೊಳ್ಳುತ್ತದೆ. ಅಲ್ಯೂಮಿನಿಯಂ ಮಾತಿಗೆ ನನ್ನದೂ ಓಟು.

ಗೋಡೆಗೇ ಬಿಡುವುದಾದರೆ ಮಳೆ ಹೊಡೆಯುವ ಪಡುವಣ ಗೋಡೆ ಬೇಡ, ಎರಡು ಕೋಣೆಗಳ ನಡುವಿನ ಗೋಡೆ ಆರಿಸಿ. ಪುಟ್ಟಿ ಹಾಕಿ ಉಜ್ಜಿ, ಬಿಳಿ ಮ್ಯಾಟ್ ಎಮಲ್ಷನ್ ಹೊಡೆಸಿ. ಹೊಳಪಿನ ಪೇಂಟ್ ಬೇಡವೇ ಬೇಡ.

ವಿರಾಜಪೇಟೆ ಹತ್ತಿರದ ಹೋಂಸ್ಟೇಯಿಂದ:
ಹೊರಗೆ ಕಣದಲ್ಲಿ ತೋರಿಸುವ ಯೋಚನೆ ಇದ್ದರೆ ಡಿಸೆಂಬರ್, ಜನವರಿ ಬಿಡಿ. ಕಣದ ತುಂಬ ಕಾಫಿ ಹರವಿರುತ್ತೇವೆ, ಮೇಲಿಂದ ಮಂಜು ಬಿದ್ದು ಬಟ್ಟೆ ಒದ್ದೆ. ಕೊಯ್ಲು ಮುಗಿದ ಮೇಲೆ ಒಳ್ಳೆಯದು, ಕಾಫಿ ಹೂ ಅರಳಿಸುವ ಹೂಮಳೆ ಬರುವ ದಿನ ನೋಡಿಕೊಳ್ಳಬೇಕು ಅಷ್ಟೇ. ಗಾಳಿಗೆ ಪರದೆ ಹಾರದಂತೆ ಕೆಳಗಿನ ಎರಡು ಮೂಲೆಗೂ ಹಗ್ಗ ಕಟ್ಟಿ. ಮತ್ತೆ, ಹಾತೆಗಳು ಲೆನ್ಸಿಗೇ ಮುತ್ತುತ್ತವೆ. ಅತಿಥಿಗಳು ಅದಕ್ಕೂ ನಗುತ್ತಾರೆ, ಬಿಡಿ.

ಕೇಳಿದವರು, ಸೋಮವಾರಪೇಟೆ:
ಎಲ್ಲರಿಗೂ ಥ್ಯಾಂಕ್ಸ್. ಬ್ಲ್ಯಾಕ್‌ಔಟ್ ಬಟ್ಟೆಗೆ ಒಂದು ಕಡೆ ನೇಯ್ಗೆ, ಇನ್ನೊಂದು ಕಡೆ ರಬ್ಬರಿನಂಥ ಲೇಪ ಅಲ್ವಾ? ಯಾವುದು ಮುಂದೆ? ಮಳೆಗಾಲದಲ್ಲಿ ಮಡಚಿಡಬಹುದಾ?

ಗೋಣಿಕೊಪ್ಪದಿಂದ:
ಲೇಪದ ಕಡೆ ಮುಂದೆ. ನೇಯ್ಗೆಯ ಕಡೆ ಹತ್ತಿರ ಕೂತರೆ ಎಳೆ ಕಾಣುತ್ತದೆ. ಇಸ್ತ್ರಿ ಮಾಡುವುದಿದ್ದರೆ ನೇಯ್ಗೆಯ ಕಡೆ, ಕಡಿಮೆ ಬಿಸಿಯಲ್ಲಿ. ಮಡಚಬೇಡಿ, ಮಡಿಕೆಯ ಗೆರೆ ಹೋಗುವುದು ಕಷ್ಟ. ಫ್ರೇಮಿನಲ್ಲೇ ಇರಲಿ. ಗೋಡೆಗೆ ಅಂಟಿಸದೆ ಎರಡು ಮೊಳೆಗೆ ತೂಗುಹಾಕಿ, ಹಿಂದೆ ಗಾಳಿ ಆಡಲಿ. ಸುತ್ತ ಎರಡಿಂಚು ಕಪ್ಪು ವೆಲ್ವೆಟ್ ಪಟ್ಟಿ ಅಂಟಿಸಿದರೆ ಚಿತ್ರಕ್ಕೆ ಒಂದು ಗತ್ತು ಬರುತ್ತದೆ, ಅಂಚಿನಿಂದ ಹೊರಗೆ ಚೆಲ್ಲಿದ ಬೆಳಕನ್ನೂ ಅದು ನುಂಗುತ್ತದೆ. ಅಷ್ಟಾದರೂ ಮಂಕು ಅನ್ನಿಸಿದರೆ ತಪ್ಪು ಪರದೆಯದಲ್ಲ. ಪ್ರೊಜೆಕ್ಟರ್ ಡಬ್ಬದ ಮೇಲಿನ ಲ್ಯೂಮೆನ್ಸ್ ಸಂಖ್ಯೆಯನ್ನು ನಂಬದೆ ಆನ್ಸಿ ಲ್ಯೂಮೆನ್ಸ್ (ಗೊತ್ತುಪಡಿಸಿದ ಕ್ರಮದಲ್ಲಿ ಅಳೆದ ಬೆಳಕು) ಎಷ್ಟು ಅಂತ ನೋಡಿ. ಕಡಿಮೆ ಇದ್ದರೆ ಚಿತ್ರವನ್ನು 70 ಇಂಚಿಗೆ ಇಳಿಸಿ, ಬಾಗಿಲ ಸಂದಿನ ಬೆಳಕನ್ನೂ ಮುಚ್ಚಿ.