ಪಿಸಿಪಿ ಏರ್ ರೈಫಲ್: ರಾತ್ರಿ ಗಾಳಿ ಇಳಿಯುತ್ತದೆ, ಮೊದಲ ಶಾಟ್ ಮೇಲೆ ಹೋಗುತ್ತದೆ, ಕ್ರೋನೋ ಹುಚ್ಚು ಅಂಕಿ ತೋರಿಸುತ್ತದೆ

ಭೋಸರಿ ಶೆಡ್:

ಎಲ್ಲರಿಗೂ ನಮಸ್ಕಾರ. ಸೆಕೆಂಡ್ ಹ್ಯಾಂಡ್ 10 ಮೀಟರ್ ಮ್ಯಾಚ್ ರೈಫಲ್ ತಗೊಂಡಿದ್ದೇನೆ. 4.5 ಎಂಎಂ ಪಿಸಿಪಿ, ಅಂದರೆ ಮೊದಲೇ ಒತ್ತಿ ತುಂಬಿದ ಗಾಳಿಯಿಂದ ಹೊಡೆಯುವುದು, ಸಿಲಿಂಡರ್ ಬಿಚ್ಚಿ ಗಾಳಿ ತುಂಬಿಸುವ ಮಾದರಿ. ಪುಣೆಯ ಭೋಸರಿಯಲ್ಲಿ ನಮ್ಮ ವರ್ಕ್‌ಶಾಪ್ ಹಿಂದೆ ಉದ್ದನೆ ಶೆಡ್ ಇದೆ, ಅಲ್ಲೇ ಲೇನ್ ಮಾಡಿಕೊಂಡಿದ್ದೇನೆ. ಗಾಳಿಗೆ 10 ಲೀಟರಿನ ಸ್ಕೂಬಾ ಸಿಲಿಂಡರ್, ಗೋವಾದಲ್ಲಿ ಡೈವಿಂಗ್ ಮಾಡುವ ಗೆಳೆಯ ತುಂಬಿಸಿ ಕಾರಿನಲ್ಲಿ ತಂದುಕೊಟ್ಟ.

ತೊಂದರೆ ಮೂರು. ಒಂದೇ ಕಾಯಿಲೆಯೋ ಬೇರೆ ಬೇರೆಯೋ ಗೊತ್ತಾಗುತ್ತಿಲ್ಲ. ರಾತ್ರಿ 200 ಬಾರ್ ಒತ್ತಡಕ್ಕೆ ತುಂಬಿಸಿ ಇಟ್ಟರೆ ಬೆಳಗ್ಗೆ ಮೀಟರಿನ ಮುಳ್ಳು 185-190ರ ನಡುವೆ ಇರುತ್ತದೆ. ವೇಗ ಅಳೆಯುವ ಕ್ರೋನೋದಲ್ಲಿ ಸೆಕೆಂಡಿಗೆ 171, 173, 172 ಮೀಟರ್ ಅಂತ ಚೆನ್ನಾಗಿ ಬರುತ್ತಿರುತ್ತದೆ, ಇದ್ದಕ್ಕಿದ್ದ ಹಾಗೆ 240 ತೋರಿಸುತ್ತದೆ, ಇಲ್ಲಾಂದ್ರೆ ಎರರ್. ಮತ್ತೆ, ಚಹಾ ಕುಡಿದು ಬಂದು ಹೊಡೆದ ಮೊದಲ ಶಾಟ್ ಯಾವಾಗಲೂ ಮೇಲೆ. ಹತ್ತಿರ ಹತ್ತಿರ 3 ಎಂಎಂ ಮೇಲೆ. ಆಮೇಲಿನವೆಲ್ಲ ಸರಿ.

ಮಾರಿದವರು ಗಾಳಿಯ ಒತ್ತಡ ಹದ ಮಾಡುವ ರೆಗ್ಯುಲೇಟರ್ ಬದಲಿಸಿ ಅನ್ನುತ್ತಾರೆ, ಅಂಗಡಿಯವರು ಕಂಪ್ರೆಸರ್ ತಗೊಳ್ಳಿ ಅನ್ನುತ್ತಾರೆ, ವಿಡಿಯೋ ನೋಡಿದರೆ ಪೆಲೆಟ್ (ಸೀಸದ ಗುಂಡು) ತೂಗುವ ಸ್ಕೇಲು, ಅದರ ಹೆಡ್ಡಿನ ಅಗಲ ಅಳೆಯುವ ಗೇಜು, ಹೊಸ ಡಯಾಪ್ಟರ್ (ಕಣ್ಣಿನ ಹತ್ತಿರದ ಸೈಟು), ಪಟ್ಟಿ ಮುಗಿಯುವುದೇ ಇಲ್ಲ. ದುಡ್ಡು ಮೊದಲು ಎಲ್ಲಿ ಹಾಕಲಿ?

ವಾಸ್ಕೊ ಟ್ಯಾಂಕ್:

ಸದ್ಯಕ್ಕೆ ಎಲ್ಲೂ ಹಾಕಬೇಡಿ ಸರ್.

ಮೊದಲ ತೊಂದರೆ ಲೀಕೇ ಅಲ್ಲದಿರಬಹುದು. ಸ್ಕೂಬಾ ವಾಲ್ವ್ ಸರ್‍ರಂತ ತೆರೆದು ತುಂಬಿಸುತ್ತೀರಿ ಅಲ್ವಾ? ಗಾಳಿ ಬೇಗ ಒತ್ತಿಕೊಂಡಾಗ ಬಿಸಿಯಾಗುತ್ತದೆ, ಸಿಲಿಂಡರ್ ಮುಟ್ಟಿ ನೋಡಿದರೇ ತಿಳಿಯುತ್ತದೆ. ಒಳಗಿನ ಗಾಳಿ 45 ಡಿಗ್ರಿ ಇರುವಾಗ 200 ತೋರಿಸಿದ್ದು 27 ಡಿಗ್ರಿಗೆ ತಣ್ಣಗಾದ ಮೇಲೆ 189ಕ್ಕೆ ಬರುತ್ತದೆ. ಲೆಕ್ಕ ಸುಲಭ, ಎರಡು ಡಿಗ್ರಿಗೂ 273 ಕೂಡಿಸಿ, 200 × 300 ÷ 318. ನಿಮ್ಮ 185-190 ಅಂದರೆ ಹೆಚ್ಚುಕಮ್ಮಿ ಅದೇ. ವಾಲ್ವ್ ನಿಧಾನ ತಿರುಗಿಸಿ, ಒಂದೆರಡು ನಿಮಿಷ ಹಿಡಿಯಲಿ. ಐದ್ಹತ್ತು ನಿಮಿಷ ಬಿಟ್ಟು ಮತ್ತೆ ಸ್ವಲ್ಪ ತುಂಬಿಸಿ.

ಆದರೂ ಅನುಮಾನ ಇದ್ದರೆ ಹೀಗೆ ಮಾಡಿ. ತುಂಬಿಸಿ ತಣ್ಣಗಾದ ಮೇಲೆ ಅಂಕಿ ಬರೆದಿಟ್ಟುಕೊಳ್ಳಿ. ಒಂದು ರಾತ್ರಿ ಸಿಲಿಂಡರನ್ನು ರೈಫಲ್‌ನಿಂದ ಬಿಚ್ಚಿ ಬೇರೆ ಇಡಿ. ಇನ್ನೊಂದು ರಾತ್ರಿ ರೈಫಲ್‌ಗೆ ಹಾಕಿಯೇ ಇಡಿ. ಎರಡು ದಿನವೂ ಬೆಳಗ್ಗೆ ಅದೇ ಹೊತ್ತಿಗೆ ನೋಡಿ. ಬಿಚ್ಚಿಟ್ಟಾಗ ನಿಂತು, ಹಾಕಿಟ್ಟಾಗ ಮಾತ್ರ ಇಳಿದರೆ ಸೋರುವುದು ರೈಫಲ್ ಒಳಗೆ. ಎರಡರಲ್ಲೂ ಇಳಿದರೆ ಸಿಲಿಂಡರಿನ ವಾಲ್ವ್ ಅಥವಾ ಮೀಟರ್ ಕೂರುವ ಜಾಗ, ಅಲ್ಲಿ ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ. ಸಿಲಿಂಡರಿನ ಮೇಲಿರುವ ಆ ಪುಟ್ಟ ಮೀಟರನ್ನು ಜಾಸ್ತಿ ನಂಬಬೇಡಿ, ಒಂದೆರಡು ಬಾರ್ ಅತ್ತಿತ್ತ ಅದಕ್ಕೇ ಕಾಣುವುದಿಲ್ಲ.

ಕಂಪ್ರೆಸರ್ ಬಗ್ಗೆ: ನಿಮ್ಮ ರೈಫಲ್ ಸಿಲಿಂಡರ್ ಕಾಲು ಲೀಟರ್ ಅಂತಿಟ್ಟುಕೊಳ್ಳಿ. 60ರಿಂದ ಮೇಲಕ್ಕೆ ತುಂಬಿಸಿದರೆ ದೊಡ್ಡ ಟ್ಯಾಂಕಿನಲ್ಲಿ ಪ್ರತಿ ಸಲ ಸುಮಾರು 3 ಬಾರ್ ಕಡಿಮೆಯಾಗುತ್ತದೆ. ಹತ್ತು ಸಲ ತುಂಬಿಸಿದ ಮೇಲೂ 170ರ ಹತ್ತಿರ ಸಿಗುತ್ತದೆ. ಮ್ಯಾಚ್‌ನ 60 ಶಾಟಿಗೆ ಅಷ್ಟು ಧಾರಾಳ. ಮನೆಯಲ್ಲಿ ಒಬ್ಬರೇ ಹೊಡೆಯುವವರಿಗೆ ಕಂಪ್ರೆಸರ್ ಯಾಕೆ? ಮಳೆಗಾಲದಲ್ಲಿ ಅದರ ನೀರು ಬಸಿಯುವುದು, ಫಿಲ್ಟರ್ ಬದಲಿಸುವುದು ಬೇರೆ ತಲೆನೋವು.

ಇನ್ನೊಂದು ಮಾತು. ಭೋಸರಿಯಲ್ಲಿ ಹೆಜ್ಜೆಗೊಂದು ವೆಲ್ಡಿಂಗ್ ಅಂಗಡಿ. ಟ್ಯಾಂಕ್ ಖಾಲಿಯಾದ ದಿನ ಯಾರಾದರೂ ಆಕ್ಸಿಜನ್ ತುಂಬಿಸಿಕೊಡುತ್ತೇನೆ ಅಂದರೆ ಕೈ ಮುಗಿದು ಬನ್ನಿ. ಆ ಒತ್ತಡದಲ್ಲಿ ಆಕ್ಸಿಜನ್ನಿಗೆ ಗ್ರೀಸಿನ ಒಂದು ಹನಿ ಸಿಕ್ಕರೆ ರೈಫಲ್ಲೂ ಇಲ್ಲ, ಕೈಯೂ ಇಲ್ಲ.

ಅಂದ ಹಾಗೆ, ರೈಫಲ್ ಸಿಲಿಂಡರ್ ಮೇಲೆ ತಯಾರಾದ ವರ್ಷ ಕೊರೆದಿರುತ್ತದೆ, ನೋಡಿದಿರಾ?

ಡೊಂಬಿವ್ಲಿ ಡಯಾಪ್ಟರ್:

ಗಾಳಿಯ ವಿಷಯ ವಾಸ್ಕೊದವರು ಹೇಳಿದ್ದಾರೆ. ನಾನು ಕ್ರೋನೋ ಹಿಡಿದುಕೊಳ್ಳುತ್ತೇನೆ.

ಶೆಡ್ಡಿನಲ್ಲಿ ಟ್ಯೂಬ್‌ಲೈಟ್ ಇದೆಯಾ, ಅದೂ ಹಳೇ ಚೋಕಿನದ್ದು? ನಮ್ಮ ಕರೆಂಟು 50 ಹರ್ಟ್ಜ್. ಆ ಬೆಳಕು ಸೆಕೆಂಡಿಗೆ 100 ಸಲ ಮಿನುಗುತ್ತದೆ, ಕಣ್ಣಿಗೆ ಕಾಣಲ್ಲ, ಸೆನ್ಸರಿಗೆ ಕಾಣುತ್ತದೆ. ನೆರಳು ನೋಡಿ ಲೆಕ್ಕ ಹಾಕುವ ಯಂತ್ರಕ್ಕೆ ಪೆಲೆಟ್ ಯಾವುದು, ಮಿನುಗು ಯಾವುದು ಅಂತ ತಿಳಿಯುವುದಿಲ್ಲ. ಟ್ಯೂಬ್ ಆರಿಸಿ, ಬ್ಯಾಟರಿ ಎಲ್‌ಇಡಿ ಟಾರ್ಚನ್ನು ಬಿಳಿ ಹಾಳೆಯ ಮೇಲೆ ಬಿಡಿ, ಆ ಹಾಳೆ ಸೆನ್ಸರ್ ಮೇಲಿರಲಿ. ನಳಿಗೆಯ ತುದಿಗೂ ಕ್ರೋನೋಗೂ ಒಂದಡಿಯಾದರೂ ಜಾಗ ಇರಲಿ, ಇಲ್ಲದಿದ್ದರೆ ಪೆಲೆಟ್ ಹಿಂದೆ ಬರುವ ಗಾಳಿಯೇ ಸೆನ್ಸರನ್ನು ಎಬ್ಬಿಸುತ್ತದೆ. 240 ಬಂದರೆ ಹೆದರಬೇಡಿ. ಇದೇ ರೈಫಲ್ ನಿಜವಾಗಿ 240 ಹೊಡೆದರೆ 0.53 ಗ್ರಾಂ ಪೆಲೆಟ್ಟಿನಲ್ಲಿ 15 ಜೂಲ್ ದಾಟುತ್ತದೆ. 172ಕ್ಕೆ ಬರುವುದು 8 ಜೂಲ್ ಹತ್ತಿರ. ಒಂದೇ ಶಾಟಿನಲ್ಲಿ ಎರಡರಷ್ಟು ಶಕ್ತಿ ಎಲ್ಲಿಂದ ಬರಬೇಕು?

ಮೊದಲ ಶಾಟ್ ಮಾತ್ರ ಯೋಚಿಸಬೇಕಾದ ವಿಷಯ. ರೆಗ್ಯುಲೇಟರ್ ಕೆಲಸ ಇಷ್ಟೇ: ಸಿಲಿಂಡರಿನ ಗಾಳಿಯನ್ನು ಒಂದು ಅಳತೆಗೆ ಇಳಿಸಿ ಮುಂದಿನ ಪುಟ್ಟ ಕೋಣೆಗೆ ಬಿಟ್ಟು, ಅಳತೆ ಮುಟ್ಟಿದ ಕೂಡಲೇ ಮುಚ್ಚಿಕೊಳ್ಳುವುದು. ಅದು ಮುಚ್ಚಿ ಕೂರುವ ಸೀಟಿನಲ್ಲಿ ಗೀರು ಬಿದ್ದರೆ, ಇಲ್ಲಾ ಒಂದು ಕಣ ಕಸ ಕೂತರೆ, ಪೂರ್ತಿ ಮುಚ್ಚಲ್ಲ. ನೀವು ಚಹಾ ಕುಡಿಯುವಷ್ಟು ಹೊತ್ತೂ ಗಾಳಿ ಜಿನುಗಿ ಜಿನುಗಿ ಆ ಕೋಣೆಯ ಒತ್ತಡ ಏರುತ್ತದೆ. ಇದಕ್ಕೆ ಕ್ರೀಪ್ ಅನ್ನುತ್ತಾರೆ. ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ. ಐದಾರು ಶಾಟ್ ಹೊಡೆದು ಸರಾಸರಿ ಬರೆಯಿರಿ. ಹತ್ತು ನಿಮಿಷ ಬಿಟ್ಟು ಒಂದು. ಅರ್ಧ ಗಂಟೆ ಬಿಟ್ಟು ಇನ್ನೊಂದು. ಕಾದಷ್ಟೂ ವೇಗ ಏರಿದರೆ ಕ್ರೀಪ್. ಹೊತ್ತಿಗೂ ವೇಗಕ್ಕೂ ಸಂಬಂಧ ಇಲ್ಲದಿದ್ದರೆ ಬೇರೆ ಏನೋ. ನಳಿಗೆ ಕ್ಲೀನ್ ಮಾಡಿದ ದಿನ ಈ ಪರೀಕ್ಷೆ ಬೇಡ, ಸೀಸ ಮತ್ತೆ ಹಿಡಿಯುವ ತನಕ ಮೊದಲ ಕೆಲವು ಶಾಟ್ ಹೇಗೂ ಅಲೆಯುತ್ತವೆ.

ಆದರೆ 3 ಎಂಎಂ ಅಂದಿರಿ, ಅದು ನನಗೆ ಜೀರ್ಣ ಆಗುತ್ತಿಲ್ಲ. 172ರಿಂದ 180ಕ್ಕೆ ಏರಿದರೂ 10 ಮೀಟರಿನಲ್ಲಿ ಪೆಲೆಟ್ ಒಂದೂವರೆ ಎಂಎಂ ಮೇಲೆ ಹೋಗುತ್ತದೆ, ಅಷ್ಟೇ. ರೈಫಲನ್ನು ಮರಳು ಚೀಲದ ಮೇಲೆ ಇಟ್ಟು ಹೊಡೆದು ನೋಡಿ.

ಭೋಸರಿ ಶೆಡ್:

ಇಬ್ಬರಿಗೂ ಥ್ಯಾಂಕ್ಸ್. ಹೇಳಿದ್ದೆಲ್ಲ ಮಾಡಿ ನೋಡಿದೆ.

ನಿಧಾನ ತುಂಬಿಸಿ, ತಣ್ಣಗಾಗಲು ಬಿಟ್ಟು ಬರೆದಿಟ್ಟರೆ ಬೆಳಗ್ಗೆ ಮುಳ್ಳು ಅಲ್ಲೇ ಇದೆ. ಬಿಚ್ಚಿಟ್ಟರೂ ಅಷ್ಟೇ, ಹಾಕಿಟ್ಟರೂ ಅಷ್ಟೇ. ಟ್ಯೂಬ್ ಆರಿಸಿದ ಮೇಲೆ 240 ಮತ್ತೆ ಬಂದಿಲ್ಲ, ಎರರ್ ಕೂಡ ಇಲ್ಲ.

ರೆಗ್ಯುಲೇಟರ್ ಪರೀಕ್ಷೆ: ಸರಾಸರಿ 172, ಹತ್ತು ನಿಮಿಷಕ್ಕೆ 174, ಅರ್ಧ ಗಂಟೆಗೆ 179. ಅಂದರೆ ಕ್ರೀಪ್ ಇದೆ. ಮರಳು ಚೀಲದ ಮೇಲೆ ಇಟ್ಟಾಗ ಮೊದಲ ಶಾಟ್ ಒಂದು ಎಂಎಂ ಚಿಲ್ಲರೆ ಮೇಲೆ ಹೋಗುತ್ತದೆ, ನಿಂತು ಹೊಡೆದರೆ ಅದೇ 3. ಉಳಿದದ್ದು ಎಲ್ಲಿಂದ?

ಸಿಲಿಂಡರ್ ಮೇಲೆ 2012 ಅಂತ ಕೊರೆದಿದೆ.

ಮಾಟುಂಗಾ ಮಾಸ್ತರ್:

ತಮ್ಮಾ, ಉಳಿದದ್ದು ನಿನ್ನ ಕೆನ್ನೆಯಿಂದ.

ಎದ್ದು ಹೋಗಿ ಬಂದವನು ಮೊದಲು ಹಿಡಿದಾಗ ಕೆನ್ನೆ ಚೀಕ್‌ಪೀಸ್ (ರೈಫಲ್‌ನಲ್ಲಿ ಕೆನ್ನೆ ಊರುವ ಭಾಗ) ಮೇಲೆ ಹಿಂದಿನ ಜಾಗದಲ್ಲಿ ಕೂತಿರುವುದಿಲ್ಲ, ತಲೆಯ ಭಾರ ಪೂರ್ತಿ ಬಿಟ್ಟಿರುವುದಿಲ್ಲ. ತೋಳಿನಿಂದ ರೈಫಲ್ ತಳ್ಳಿ ಗುರಿಯ ಕಪ್ಪು ವೃತ್ತದ ಮೇಲೆ ತಂದು ನಿಲ್ಲಿಸುತ್ತೀಯ, ಟ್ರಿಗರ್ ಬಿಟ್ಟ ಕ್ಷಣ ಅದು ತನ್ನ ಜಾಗಕ್ಕೆ ಹೋಗುತ್ತದೆ. ಮುಂಬೈ ವರ್ಲಿಯ ಶೂಟಿಂಗ್ ರೇಂಜಿನಲ್ಲಿ ನಿಂತು ನೋಡು, ಎಲೆಕ್ಟ್ರಾನಿಕ್ ಪರದೆಯ ಮೇಲೆ ಬಿಡುವಿನ ನಂತರದ ಮೊದಲ ಶಾಟ್ ಯಾರದ್ದು ಎಲ್ಲಿ ಬೀಳುತ್ತದೆ ಅಂತ. ರೈಫಲ್ ಹಿಡಿ, ಕಣ್ಣು ಮುಚ್ಚು, ಉಸಿರು ಬಿಡು, ಕಣ್ಣು ತೆರೆ. ನಳಿಗೆ ತುದಿಯ ಸೈಟಿನ ರಿಂಗ್ ಆ ಕಪ್ಪು ವೃತ್ತದಿಂದ ಪಕ್ಕಕ್ಕೆ ಸರಿದಿದ್ದರೆ ಕಾಲು ಸರಿಸು. ಮೇಲಕ್ಕೆ ಇದ್ದರೆ ಎಡಗೈ ಇಟ್ಟ ಜಾಗ ನೋಡು. ಗಾಳಿ ಬಿಡದೆ ನಾಲ್ಕಾರು ಸಲ ಡ್ರೈ ಫೈರ್ (ಪೆಲೆಟ್ ಇಲ್ಲದೆ ಟ್ರಿಗರ್ ಒತ್ತುವುದು) ಮಾಡಿ ಆಮೇಲೆ ಪೆಲೆಟ್ ಹಾಕು.

ಗುರಿಕಾಗದದಲ್ಲಿ ಒಂದು ರಿಂಗಿನಿಂದ ಇನ್ನೊಂದಕ್ಕೆ ಎರಡೂವರೆ ಎಂಎಂ, ಕಾಲು ಎಂಎಂಗೆ 0.1 ಅಂಕ. ರೆಗ್ಯುಲೇಟರ್ ನಿನ್ನಿಂದ ಕಿತ್ತುಕೊಳ್ಳುವುದು ಅರ್ಧ ಅಂಕ, ಕೆನ್ನೆ ಕಿತ್ತುಕೊಳ್ಳುವುದು ಮುಕ್ಕಾಲು. ಅಂಗಡಿಯಲ್ಲಿ ಕೆನ್ನೆ ಸಿಗಲ್ಲ, ಅದಕ್ಕೇ ಅದರ ಬಗ್ಗೆ ಯಾರೂ ಹೇಳುವುದಿಲ್ಲ.

ಸ್ಕೇಲು, ಗೇಜು ಬೇಡ. 4.49 ಮತ್ತು 4.50 ಎಂಎಂ ಹೆಡ್ಡಿನ ಪೆಲೆಟ್ ಒಂದೊಂದು ಡಬ್ಬಿ ತಂದು ಚೀಲದ ಮೇಲಿಟ್ಟು ಹೊಡೆ, ಯಾವುದರ ಗುಂಪು ಚಿಕ್ಕದೋ ಅದು ನಿನ್ನದು. ಡಬ್ಬಿಯಲ್ಲಿ ಬಾಲದ ಅಂಚು ಸೊಟ್ಟಗಾದ ಪೆಲೆಟ್ ಕಂಡರೆ ಎಸೆದುಬಿಡು. ಚಹಾಕ್ಕೆ ಹೋಗುವ ಮುಂಚೆ ಕೈ ತೊಳೆ, ಅದು ಸೀಸ.

ವಾಸ್ಕೊ ಟ್ಯಾಂಕ್:

2012 ಅಂದರೆ ಆ ಸಿಲಿಂಡರ್ ಮುಗಿಯಿತು ಸರ್. ಮ್ಯಾಚ್ ರೈಫಲ್ ಸಿಲಿಂಡರಿಗೆ ತಯಾರಕರು ಸಾಮಾನ್ಯವಾಗಿ ಕೊಡುವ ಆಯಸ್ಸು 10 ವರ್ಷ. ಪಂದ್ಯಕ್ಕೆ ಹೋದರೆ ಸಿಲಿಂಡರಿನ ತಾರೀಕು ಸರಿಯಾಗಿರುವುದು ಶೂಟರನದೇ ಜವಾಬ್ದಾರಿ ಅಂತ ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ) ನಿಯಮವಿದೆ. ಗಾಳಿ ನಿಲ್ಲುತ್ತಿದೆಯಲ್ಲ ಅಂತ ಇನ್ನೊಮ್ಮೆ 200 ತುಂಬಿಸಬೇಡಿ. ಕೆನ್ನೆ ಪಕ್ಕದಲ್ಲೇ ಇರುವ ವಸ್ತು ಅದು. ಇರುವ ಗಾಳಿಯನ್ನು ಹೊಡೆದೇ ಖಾಲಿ ಮಾಡಿ, ಒಳಗೆ ಒಂದಿಷ್ಟೂ ಗಾಳಿ ಉಳಿದಿಲ್ಲ ಅಂತ ಖಚಿತವಾದ ಮೇಲೆ ಯಾರೂ ಬಳಸದ ಹಾಗೆ ಅಡ್ಡಡ್ಡ ಕತ್ತರಿಸಿ ಗುಜರಿಗೆ ಹಾಕಿ, ಇನ್ನೊಬ್ಬರಿಗೆ ಮಾರಬೇಡಿ.

ದುಡ್ಡು ಹಾಕುವುದಾದರೆ ಹೊಸ ಸಿಲಿಂಡರಿಗೆ. ಆರ್ಡರ್ ಮಾಡುವಾಗ ಮಾದರಿಯ ಹೆಸರು, ಥ್ರೆಡ್ಡು, ತಯಾರಾದ ವರ್ಷ ಮೂರನ್ನೂ ಕೇಳಿ, ಅಂಗಡಿಯಲ್ಲಿ ಮೂರು ವರ್ಷ ಕೂತಿದ್ದರೆ ಆಯಸ್ಸಿನಲ್ಲಿ ಮೂರು ವರ್ಷ ಹೋಯಿತು ಅಂತಲೇ ಲೆಕ್ಕ.

ಭೋಸರಿ ಶೆಡ್:

ಸರಿ, ಸಿಲಿಂಡರ್ ಆರ್ಡರ್ ಮಾಡುತ್ತೇನೆ. ರೆಗ್ಯುಲೇಟರ್ ನಾನೇ ಬಿಚ್ಚಬಹುದಾ? ವರ್ಕ್‌ಶಾಪ್‌ನಲ್ಲಿ ಟೂಲ್ಸ್ ಎಲ್ಲ ಇವೆ.

ಡೊಂಬಿವ್ಲಿ ಡಯಾಪ್ಟರ್:

ಟೂಲ್ಸ್ ಇರುವುದೇ ಭಯ. ಸೀಟಿನ ಮೇಲೆ ಉಗುರಿನಷ್ಟು ಗೀರು ಬಿದ್ದರೂ ಈಗಿನ 179 ಮುಂದೆ 185 ಆಗುತ್ತದೆ. ಆ ಬ್ರ್ಯಾಂಡಿನ ಸರ್ವಿಸ್ ಮಾಡುವವರಿಗೆ ಕಳಿಸಿ, ಹೊಸ ರೆಗ್ಯುಲೇಟರ್ ಅಲ್ಲ, ಸೀಟು ಮತ್ತು ಓ-ರಿಂಗ್ (ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ) ಕಿಟ್ ಹಾಕಿಕೊಡಿ ಅಂತ ಸ್ಪಷ್ಟವಾಗಿ ಹೇಳಿ. ನಿಮ್ಮ 172, 174, 179 ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ, ಅವರಿಗೆ ಕೆಲಸ ಸುಲಭ. ಸಿಲಿಂಡರ್ ಬಿಚ್ಚಿದ ಮೇಲೂ ಒಳಗೆ ಒಂದೆರಡು ಶಾಟಿನ ಗಾಳಿ ಉಳಿದಿರುತ್ತದೆ, ನಳಿಗೆ ಗುರಿಯ ಕಡೆಗಿಟ್ಟು ಅದನ್ನೂ ಹೊಡೆದು ಮುಗಿಸಿ ಪ್ಯಾಕ್ ಮಾಡಿ.

ವಾಪಸ್ ಬಂದ ಮೇಲೆ ಅರ್ಧ ಗಂಟೆಯ ಅಂಕಿ ಎಷ್ಟು ಬಂತು ಅಂತ ಇಲ್ಲಿ ಹಾಕಿ.