ಪೆನ್‌ಡ್ರೈವ್‌ನಲ್ಲಿ ಫೈಲೆಲ್ಲ ಮಾಯ, ಒಂದೇ ಶಾರ್ಟ್‌ಕಟ್ ಉಳಿದಿದೆ. ಸಿಪಿಯು ಫ್ಯಾನ್ ನಿಲ್ಲುತ್ತಲೇ ಇಲ್ಲ

ಬಿಸಿಲೂರು (ಕಲಬುರಗಿ):

ಎಲ್ಲರಿಗೂ ಶರಣು. ಮನೆಯಲ್ಲಿರುವುದು ವಿಂಡೋಸ್ 10 ಡೆಸ್ಕ್‌ಟಾಪ್, 8 ಜಿಬಿ ರ‍್ಯಾಮ್, ಹಳೇ ಹಾರ್ಡ್‌ಡಿಸ್ಕ್. ನಮ್ಮ ಅತ್ತಿಗೆ ಶಾಲಾ ಟೀಚರ್. ಪ್ರಶ್ನೆಪತ್ರಿಕೆಯನ್ನು 'ನುಡಿ' ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿ, ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋಗಿ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸುತ್ತಾರೆ. ಮೊನ್ನೆ ಹಾಗೆ ತಂದ ಪೆನ್‌ಡ್ರೈವ್ ಹಾಕಿದರೆ ಒಳಗೆ ಒಂದೇ ಒಂದು ಶಾರ್ಟ್‌ಕಟ್. ಹೆಸರು 'ಯುಎಸ್‌ಬಿ ಡ್ರೈವ್'. ಅದರ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಎಲ್ಲ ಫೈಲೂ ಮೊದಲಿನ ಹಾಗೇ ಕಾಣುತ್ತವೆ, ತೆರೆಯುತ್ತವೆ. ಕೆಲಸ ನಡೀತಲ್ಲ ಅಂತ ಅತ್ತಿಗೆ ಯಾರಿಗೂ ಹೇಳಿರಲಿಲ್ಲ.

ಈಗ ಮನೆಯ ಯಾವ ಪೆನ್‌ಡ್ರೈವ್ ಹಾಕಿದರೂ ಅದೇ ಕಥೆ. ಫಾರ್ಮ್ಯಾಟ್ ಮಾಡಿ ಮತ್ತೆ ಹಾಕಿದರೂ ಶಾರ್ಟ್‌ಕಟ್ ಬಂದು ಕೂರುತ್ತೆ. ಜೊತೆಗೆ, ಕಂಪ್ಯೂಟರ್ ಸುಮ್ನೆ ಬಿಟ್ಟಿದ್ದರೂ ಫ್ಯಾನ್ ಜೋರಾಗಿ ತಿರುಗುತ್ತೆ. ನಮ್ಮೂರ ಬಿಸಿಲು ಗೊತ್ತಲ್ಲ, ಅದಕ್ಕೇ ಇರಬೇಕು ಅಂದುಕೊಂಡೆವು. ರಾತ್ರಿ ಕೂಲರ್ ಹಚ್ಚಿ ನೋಡಿದರೂ ಅಷ್ಟೇ. ಇನ್ನೂ ವಿಚಿತ್ರ ಅಂದರೆ, ಯಾವ ಪ್ರೋಗ್ರಾಮ್ ಇಷ್ಟು ತಿನ್ನುತ್ತಿದೆ ನೋಡೋಣ ಅಂತ ಟಾಸ್ಕ್ ಮ್ಯಾನೇಜರ್ ತೆರೆದ ಕೂಡಲೇ ಫ್ಯಾನ್ ತಣ್ಣಗಾಗುತ್ತೆ. ಮುಚ್ಚಿ ಸ್ವಲ್ಪ ಹೊತ್ತಾದರೆ ಮತ್ತೆ ಶುರು. ಪೇಪರ್ ಫೈಲ್‌ಗಳು ಹೋಗಬಾರದು, ಅತ್ತಿಗೆ ಗಾಬರಿಯಾಗಿದ್ದಾರೆ. ಏನು ಮಾಡಲಿ?

ಶಹಾಪುರ ಗುಡ್ಡ (ಯಾದಗಿರಿ):

ಇದು ಶಾರ್ಟ್‌ಕಟ್ ವೈರಸ್ ರೀ. ಗೂಗಲ್‌ನಲ್ಲಿ 'ಶಾರ್ಟ್‌ಕಟ್ ವೈರಸ್ ರಿಮೂವರ್' ಅಂತ ಹುಡುಕಿ, ಪುಟ್ಟ ಸಾಫ್ಟ್‌ವೇರ್ ಸಿಗುತ್ತೆ. ಪೆನ್‌ಡ್ರೈವ್‌ಗೆ ಓಡಿಸಿ, ಸರಿಹೋಗುತ್ತೆ. ಇಲ್ಲಾಂದ್ರೆ ವಿಂಡೋಸ್ ಹೊಸದಾಗಿ ಹಾಕಿಬಿಡಿ, ತಲೆನೋವೇ ಇಲ್ಲ.

ಬಿದರಿ ಕುಸುರಿ (ಬೀದರ್):

ಗುಡ್ಡದವರೇ, ಬೇಜಾರು ಮಾಡ್ಕೋಬೇಡಿ, ಆ ರಿಮೂವರ್ ಸಲಹೆ ಬೇಡ. ಹಾಗೆ ಹುಡುಕಿದಾಗ ಸಿಗುವವುಗಳಲ್ಲಿ ಯಾವುದು ಔಷಧ, ಯಾವುದು ವಿಷ ಅಂತ ಹೊರಗಿನಿಂದ ಹೇಳೋಕಾಗಲ್ಲ. ಅಲ್ಲದೆ ಅದು ಪೆನ್‌ಡ್ರೈವ್ ಮಾತ್ರ ತೊಳೆಯುತ್ತೆ. ಇಲ್ಲಿ ರೋಗ ಇರುವುದು ಕಂಪ್ಯೂಟರ್‌ನಲ್ಲಿ.

ಬಿಸಿಲೂರು ಅವರೇ, ನಡೆದಿರುವುದು ಇಷ್ಟು. ನಿಮ್ಮ ಫೈಲ್‌ಗಳು ಎಲ್ಲೂ ಹೋಗಿಲ್ಲ. ಅವನ್ನೆಲ್ಲ ಪೆನ್‌ಡ್ರೈವ್‌ನಲ್ಲೇ ಒಂದು ಅಡಗಿದ ಫೋಲ್ಡರ್‌ಗೆ ತಳ್ಳಲಾಗಿದೆ. ಶಾರ್ಟ್‌ಕಟ್ ಒತ್ತಿದಾಗ ಅದು ಎರಡು ಕೆಲಸ ಮಾಡುತ್ತೆ: ಆ ಫೋಲ್ಡರ್ ತೆರೆದು ತೋರಿಸುತ್ತೆ, ಹಿಂದಿನಿಂದ ಒಂದು ಸ್ಕ್ರಿಪ್ಟ್ ಓಡಿಸುತ್ತೆ. ಫೈಲ್ ಕಾಣಿಸಿದ್ದರಿಂದ ಯಾರಿಗೂ ಅನುಮಾನ ಬರಲ್ಲ. ಅತ್ತಿಗೆಯವರದೇನೂ ತಪ್ಪಿಲ್ಲ, ಅದನ್ನು ಮಾಡಿರುವುದೇ ಹಾಗೆ ನಂಬಿಸೋಕೆ.

ಪೆನ್‌ಡ್ರೈವ್ ಹಾಕಿದ ಕೂಡಲೇ ತಾನಾಗೇ ವೈರಸ್ ಓಡುವ ಕಾಲ ಬಹುಮಟ್ಟಿಗೆ ಹೋಯಿತು. ವಿಂಡೋಸ್ 7 ಬಂದಾಗಲೇ ಯುಎಸ್‌ಬಿಗೆ ಆಟೋರನ್ ನಿಲ್ಲಿಸಿದರು, 2011ರಲ್ಲಿ ಎಕ್ಸ್‌ಪಿ, ವಿಸ್ತಾಗಳಿಗೂ ಅದೇ ಅಪ್‌ಡೇಟ್ ಕೊಟ್ಟರು. ಅಂದಿನಿಂದ ಇಂಥವಕ್ಕೆ ನಮ್ಮ ಒಂದು ಡಬಲ್ ಕ್ಲಿಕ್ ಬೇಕು. ಅದಕ್ಕೇ ಈ ವೇಷ.

ಫ್ಯಾನ್ ವಿಷಯ ಹೇಳಿದ್ದು ಒಳ್ಳೆಯದಾಯಿತು. ಟಾಸ್ಕ್ ಮ್ಯಾನೇಜರ್ ತೆರೆದಾಗ ಸುಮ್ಮನಾಗುವುದು ಕ್ರಿಪ್ಟೋ ಮೈನರ್‌ನ ಗುಣ, ಅಂದರೆ ನಿಮ್ಮ ಕಂಪ್ಯೂಟರ್ ದುಡಿಸಿ ಬಿಟ್‌ಕಾಯಿನ್ ಥರದ ಡಿಜಿಟಲ್ ಹಣ ಗಳಿಸುವ ಕಳ್ಳ ಪ್ರೋಗ್ರಾಮ್. ನಿಮ್ಮ ಕರೆಂಟು, ನಿಮ್ಮ ಪ್ರೊಸೆಸರು, ದುಡ್ಡು ಮಾತ್ರ ಇನ್ಯಾರಿಗೋ. ನೀವು ನೋಡುತ್ತಿದ್ದೀರಿ ಅಂತ ಗೊತ್ತಾದರೆ ಕೆಲಸ ನಿಲ್ಲಿಸಿ ಕೂರುತ್ತೆ.

ಈಗ ಪೆನ್‌ಡ್ರೈವ್‌ಗಳನ್ನೆಲ್ಲ ಕಿತ್ತು ಪಕ್ಕಕ್ಕಿಡಿ. ಮುಟ್ಟಬೇಡಿ. 'ವಿಂಡೋಸ್ ಸೆಕ್ಯೂರಿಟಿ' ತೆರೆದು, 'ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್' ಒಳಗೆ 'ಮ್ಯಾನೇಜ್ ಸೆಟ್ಟಿಂಗ್ಸ್'ಗೆ ಹೋಗಿ. ಕೆಳಗೆ 'ಎಕ್ಸ್‌ಕ್ಲೂಷನ್ಸ್' ಅಂತ ಇದೆ. ಅದರಲ್ಲಿ ಏನೇನಿದೆ ಇಲ್ಲಿ ಬರೆಯಿರಿ. ಸ್ಕ್ಯಾನ್ ಆಮೇಲೆ.

ಬಿಸಿಲೂರು (ಕಲಬುರಗಿ):

ನೋಡಿದೆ ಸರ್. ನಾವಂತೂ ಅಲ್ಲಿಗೆ ಯಾವತ್ತೂ ಹೋಗಿಲ್ಲ, ಆದರೂ ಒಂದು ಸಾಲಿದೆ. ಸಿ ಡ್ರೈವ್, ವಿಂಡೋಸ್, ಸಿಸ್ಟಮ್32. ಇದು ವಿಂಡೋಸ್‌ನದೇ ಫೋಲ್ಡರ್ ಅಲ್ವಾ? ಅದನ್ನು ಬಿಟ್ಟುಬಿಡಬಹುದಾ?

ಬಿದರಿ ಕುಸುರಿ (ಬೀದರ್):

ಸಿಕ್ಕಿಬಿತ್ತು. ಆ ಸಾಲನ್ನು ಇನ್ನೊಮ್ಮೆ ಹತ್ತಿರದಿಂದ ನೋಡಿ. 'ವಿಂಡೋಸ್' ಆದಮೇಲೆ, ಓರೆಗೆರೆಗೆ ಮುಂಚೆ, ಒಂದು ಖಾಲಿ ಜಾಗ ಇದೆಯಾ?

ಬಿಸಿಲೂರು (ಕಲಬುರಗಿ):

ಯಪ್ಪಾ! ಹೌದು ಸರ್, ಒಂದು ಸ್ಪೇಸ್ ಇದೆ. ನೀವು ಹೇಳದಿದ್ದರೆ ಕಾಣ್ತಾನೇ ಇರಲಿಲ್ಲ.

ಬಿದರಿ ಕುಸುರಿ (ಬೀದರ್):

ಅದು ನಕಲಿ ಫೋಲ್ಡರ್. ಅಸಲಿ ವಿಂಡೋಸ್ ಫೋಲ್ಡರ್ ಪಕ್ಕದಲ್ಲೇ, ಕೊನೆಗೆ ಒಂದು ಸ್ಪೇಸ್ ಸೇರಿಸಿ ಅದೇ ಹೆಸರಿನ ಇನ್ನೊಂದನ್ನು ಸೃಷ್ಟಿಸಿದೆ. ಅದರೊಳಗೆ ಪ್ರಿಂಟರ್‌ಗೆ ಸಂಬಂಧಿಸಿದ ಮೈಕ್ರೋಸಾಫ್ಟ್‌ನ ಅಸಲಿ ಪ್ರೋಗ್ರಾಮ್, 'ಪ್ರಿಂಟ್‌ಯುಐ'ನ ಒಂದು ಪ್ರತಿ ಇಡುತ್ತೆ. ಜೊತೆಗೆ ತನ್ನದೊಂದು ಕಳ್ಳ ಡಿಎಲ್‌ಎಲ್ (ಪ್ರೋಗ್ರಾಮ್ ಓಡುವಾಗ ಬಳಸಿಕೊಳ್ಳುವ ಸಹಾಯಕ ಫೈಲ್). ಅಸಲಿ ಪ್ರೋಗ್ರಾಮ್ ಓಡಿದಾಗ ಪಕ್ಕದಲ್ಲಿರುವ ಕಳ್ಳ ಡಿಎಲ್‌ಎಲ್ ಅನ್ನೇ ಎತ್ತಿಕೊಳ್ಳುತ್ತೆ. ಜಾಗ ನಂಬಿಕಸ್ಥರದು, ಪ್ರೋಗ್ರಾಮ್ ಮೈಕ್ರೋಸಾಫ್ಟ್‌ನದು ಅಂತ ವಿಂಡೋಸ್ ಭಾವಿಸುತ್ತೆ, 'ಅನುಮತಿ ಕೊಡಲಾ' ಅಂತ ನಿಮ್ಮನ್ನು ಕೇಳುವುದೂ ಇಲ್ಲ. ಆಮೇಲೆ ವಿಂಡೋಸ್‌ನದೇ ಆಂಟಿವೈರಸ್ ಆದ ಡಿಫೆಂಡರ್‌ಗೆ 'ಈ ಫೋಲ್ಡರ್ ಕಡೆ ನೋಡಬೇಡ' ಅಂತ ಬರೆಸಿಬಿಡುತ್ತೆ. ನೀವು ಮೊದಲೇ ಸ್ಕ್ಯಾನ್ ಮಾಡಿದ್ದರೆ 'ಎಲ್ಲ ಸರಿಯಿದೆ' ಅಂತ ಹಸಿರು ಟಿಕ್ ಬರುತ್ತಿತ್ತು. ಅದಕ್ಕೇ ಎಕ್ಸ್‌ಕ್ಲೂಷನ್ ಮೊದಲು ಕೇಳಿದ್ದು. ಬಹಳ ಜನ ಈ ಜಾಗ ನೋಡುವುದೇ ಇಲ್ಲ.

ಆ ಸಾಲು ತೆಗೆದುಹಾಕಿ. ಅದೇ ಪುಟದಲ್ಲಿ 'ಟ್ಯಾಂಪರ್ ಪ್ರೊಟೆಕ್ಷನ್' ಆನ್ ಮಾಡಿ, ಬೇರೆ ಪ್ರೋಗ್ರಾಮ್‌ಗಳು ಡಿಫೆಂಡರ್ ಸೆಟ್ಟಿಂಗ್ ಕೆಡಿಸದಂತೆ ಅದು ತಡೆಯುತ್ತೆ. ಡಿಫೆಂಡರ್ ಅಪ್‌ಡೇಟ್ ಮಾಡಿಕೊಂಡು ನೆಟ್ ಕಡಿದುಬಿಡಿ. ಆಮೇಲೆ 'ಸ್ಕ್ಯಾನ್ ಆಪ್ಷನ್ಸ್'ನಲ್ಲಿ ಆಫ್‌ಲೈನ್ ಸ್ಕ್ಯಾನ್ ಆರಿಸಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಪೂರ್ತಿ ಏಳುವ ಮೊದಲೇ ಹುಡುಕುತ್ತೆ. ವೈರಸ್ ಎದ್ದಿರದ ಹೊತ್ತಲ್ಲಿ ಹಿಡಿಯುವುದು ಸುಲಭ. 15 ನಿಮಿಷ ಅಂತಾರೆ, ಹಳೇ ಹಾರ್ಡ್‌ಡಿಸ್ಕ್‌ನಲ್ಲಿ ಜಾಸ್ತಿ ಹಿಡಿಯಬಹುದು. ಯುಪಿಎಸ್ ಇಲ್ಲದಿದ್ದರೆ ಕರೆಂಟ್ ಹೋಗುವ ಹೊತ್ತು ಬಿಟ್ಟು ಮಾಡಿ. ಅದಾದಮೇಲೆ ಒಂದು ಫುಲ್ ಸ್ಕ್ಯಾನ್, ರಾತ್ರಿ ಹಚ್ಚಿ ಮಲಗಿ.

ಎರಡನೇ ಅಭಿಪ್ರಾಯ ಬೇಕಿದ್ದರೆ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿ ಉಚಿತ ಟೂಲ್ ಸಿಗುತ್ತೆ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2017ರಲ್ಲಿ ಶುರು ಮಾಡಿದ್ದು. ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರ್ ಕೂಡ ಉಚಿತ. ಆದರೆ ಡೌನ್‌ಲೋಡ್ ಮಾಡಿದ 10 ದಿನಕ್ಕೆ ಅದರ ಅವಧಿ ಮುಗಿಯುತ್ತೆ, ಹಳೆಯದನ್ನು ಇಟ್ಟುಕೊಂಡು ಉಪಯೋಗವಿಲ್ಲ.

ಬಿಸಿಲೂರು (ಕಲಬುರಗಿ):

ಆಫ್‌ಲೈನ್ ಸ್ಕ್ಯಾನ್‌ನಲ್ಲಿ ಸಿಕ್ಕಿತು ಸರ್! 'ಪ್ರೊಟೆಕ್ಷನ್ ಹಿಸ್ಟರಿ'ಯಲ್ಲಿ ಟ್ರೋಜನ್ ಅಂತ ಕೆಂಪಕ್ಷರದಲ್ಲಿ ಬಂದಿದೆ. ಫುಲ್ ಸ್ಕ್ಯಾನ್‌ನಲ್ಲಿ ಉಳಿದ ಚೂರುಗಳೂ ಹೋದವು. ಎಕ್ಸ್‌ಕ್ಲೂಷನ್ ಮತ್ತೆ ಬಂದಿಲ್ಲ. ಮನೆಯಲ್ಲಿ ಈಗ ಫ್ಯಾನ್ ಸದ್ದೇ ಇಲ್ಲ, ಅಣ್ಣ ಬಂದು 'ಕಂಪ್ಯೂಟರ್ ಆಫ್ ಇದೆಯಾ' ಅಂತ ಕೇಳಿದ. ಪೆನ್‌ಡ್ರೈವ್‌ಗಳಿಂದ ಫೈಲ್ ತೆಗೆಯುವುದು ಹೇಗೆ? ಅಟ್ರಿಬ್ ಅಂತ ಏನೋ ಕಮಾಂಡ್ ಕೊಡಬೇಕಂತೆ?

ಇನ್ನೊಂದು ಮಾತು. ಇಲ್ಲಿಂದಲೇ ಒಬ್ಬರು ಖಾಸಗಿ ಮೆಸೇಜ್ ಕಳಿಸಿ, ಎನಿಡೆಸ್ಕ್ (ದೂರದಿಂದಲೇ ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್) ಹಾಕಿ ನಂಬರ್ ಕೊಡಿ, ನಾನೇ ಕ್ಲೀನ್ ಮಾಡಿಕೊಡ್ತೀನಿ ಅಂದಿದ್ದಾರೆ.

ನಿರ್ವಾಹಕ:

ಆ ಖಾತೆ ತೆಗೆದಿದ್ದೇವೆ. ಪರಿಚಯವಿಲ್ಲದವರಿಗೆ ಎನಿಡೆಸ್ಕ್ ನಂಬರ್ ಕೊಟ್ಟರೆ ಕಂಪ್ಯೂಟರ್ ಕೀಲಿಯನ್ನೇ ಕೊಟ್ಟಂತೆ. 'ನಿಮ್ಮ ಕಂಪ್ಯೂಟರ್‌ಗೆ ವೈರಸ್ ಬಂದಿದೆ, ಈ ನಂಬರ್‌ಗೆ ಫೋನ್ ಮಾಡಿ' ಅಂತ ಬ್ರೌಸರ್ ತುಂಬ ಬರುವ ಎಚ್ಚರಿಕೆಯೂ ಇದೇ ಜಾತಿ. ಹಾಗೆ ಯಾರಾದರೂ ದುಡ್ಡು ಕಳೆದುಕೊಂಡರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಬಿದರಿ ಕುಸುರಿ (ಬೀದರ್):

ಅಟ್ರಿಬ್ ಗೋಜು ಬೇಡ. ಮೊದಲು ಫೈಲ್ ಎಕ್ಸ್‌ಪ್ಲೋರರ್‌ನ ಫೋಲ್ಡರ್ ಆಪ್ಷನ್ಸ್‌ನಲ್ಲಿ ಅಡಗಿದ ಫೈಲ್ ತೋರಿಸು ಅಂತ ಹೇಳಿ, ಕೆಳಗಿರುವ 'ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್' ಟಿಕ್ ತೆಗೆಯಿರಿ. ಬರೀ ಮೊದಲನೆಯದು ಮಾಡಿದರೆ ಕಾಣುವುದಿಲ್ಲ, ಎರಡೂ ಬೇಕು. 'ಎಕ್ಸ್‌ಟೆನ್ಷನ್' (ಫೈಲ್ ಯಾವ ಬಗೆಯದು ಅಂತ ಹೇಳುವ, ಹೆಸರಿನ ಕೊನೆಯ ಅಕ್ಷರಗಳು) ಕಾಣುವ ಹಾಗೂ ಮಾಡಿ. ಆಮೇಲೆ ಪೆನ್‌ಡ್ರೈವ್ ಹಾಕಿ.

ಒಳಗೆ ಆ ಶಾರ್ಟ್‌ಕಟ್ ಜೊತೆ ಮಂಕಾಗಿ ಕಾಣುವ ಫೋಲ್ಡರ್‌ಗಳು ಇರುತ್ತವೆ. 'ಸಿಸ್‌ವಾಲ್ಯೂಮ್' ಅಂತ ಒಂದಿದ್ದರೆ ವೈರಸ್ ಮನೆ ಅದೇ, ತೆರೆಯಬೇಡಿ. ಇನ್ನೊಂದರಲ್ಲಿ ಅತ್ತಿಗೆಯವರ ಫೈಲ್‌ಗಳು ಇರುತ್ತವೆ. ಕೆಲವು ಸಲ ಅದಕ್ಕೆ ಹೆಸರೇ ಇಲ್ಲದ ಹಾಗೆ ಕಾಣುತ್ತೆ. ಅದರಿಂದ ವರ್ಡ್, ಪಿಡಿಎಫ್, ಫೋಟೋ ಮಾತ್ರ ಕಾಪಿ ಮಾಡಿ. ಹೆಸರಿನ ಕೊನೆಗೆ ವಿಬಿಎಸ್, ಬಿಎಟಿ, ಇಎಕ್ಸ್‌ಇ ಇರುವ ಯಾವುದನ್ನೂ ಮುಟ್ಟಬೇಡಿ. ಎಲ್ಲ ಬಂತು ಅಂತ ಖಾತ್ರಿಯಾದ ಮೇಲೆ ಫಾರ್ಮ್ಯಾಟ್.

ಆ ಕಂಪ್ಯೂಟರ್‌ನಲ್ಲಿ ಬ್ಯಾಂಕಿನ ಕೆಲಸ ಮಾಡುತ್ತಿದ್ದರೆ ಪಾಸ್‌ವರ್ಡ್‌ಗಳನ್ನು ಬದಲಿಸಿ, ಫೋನಿನಿಂದ. ಬ್ರೌಸರ್‌ನಲ್ಲಿ ಉಳಿಸಿಟ್ಟವು ಇದ್ದರೆ ಅವೂ. ಜೊತೆಗೆ ಇನ್ನೇನು ಬಂದಿತ್ತೋ ಯಾರಿಗೆ ಗೊತ್ತು.

ಒಂದು ಪ್ರಶ್ನೆ. ಆ ವಿಂಡೋಸ್ ಯಾರು ಹಾಕಿಕೊಟ್ಟದ್ದು? ದುಡ್ಡು ಕೊಡದೆ ವಿಂಡೋಸ್ ಓಡಿಸುವ ಆ್ಯಕ್ಟಿವೇಟರ್ ಹಾಕಿದ್ದಾರಾ?

ಬಿಸಿಲೂರು (ಕಲಬುರಗಿ):

ಕಂಪ್ಯೂಟರ್ ಜೋಡಿಸಿಕೊಟ್ಟ ಅಂಗಡಿಯವರೇ ಹಾಕಿದ್ದು. ಎಂಎಸ್ ಆಫೀಸ್ ಕೂಡ ಕ್ರ್ಯಾಕ್, ಅಂದರೆ ಲೈಸೆನ್ಸ್ ಇಲ್ಲದ ಕಳ್ಳ ಪ್ರತಿ ಇರಬೇಕು. ಅವರು ಬಂದಾಗೆಲ್ಲ ಮೊದಲು ಡಿಫೆಂಡರ್ ಆಫ್ ಮಾಡುತ್ತಿದ್ದರು. ಹೊಸದಾಗಿ ವಿಂಡೋಸ್ ಹಾಕಿದರೆ ನುಡಿ ಹೋಗುತ್ತೆ ಅಂತ ಅತ್ತಿಗೆಗೆ ಚಿಂತೆ.

ಬಿದರಿ ಕುಸುರಿ (ಬೀದರ್):

ಕ್ರ್ಯಾಕ್ ಓಡಬೇಕಾದರೆ ಡಿಫೆಂಡರ್ ಆಫ್ ಆಗಬೇಕು. ಆಗ ಕ್ರ್ಯಾಕ್ ಒಂದೇ ಒಳಗೆ ಬಂತು ಅಂತ ಹೇಗೆ ನಂಬೋದು? ನಾನಾಗಿದ್ದರೆ ಬೇಸಿಗೆ ರಜೆಯಲ್ಲಿ ಪೂರ್ತಿ ಅಳಿಸಿ ಹೊಸದಾಗಿ ಹಾಕುತ್ತೇನೆ. ಗುಡ್ಡದವರು ಹೇಳಿದ್ದು ಅಷ್ಟರಮಟ್ಟಿಗೆ ಸರಿ. ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ಸಾಕು, 8 ಜಿಬಿ ಪೆನ್‌ಡ್ರೈವ್ ಬೇಕು. ಅದನ್ನು ಬೇರೆ ಕಂಪ್ಯೂಟರ್‌ನಲ್ಲಿ ತಯಾರಿಸಿ. ಆಫೀಸ್ ಬದಲು ಅದೇ ಥರದ ಉಚಿತ ಸಾಫ್ಟ್‌ವೇರ್ ಲಿಬ್ರೆಆಫೀಸ್ ಹಾಕಿ ನೋಡಿ. ನುಡಿ ಕನ್ನಡ ಗಣಕ ಪರಿಷತ್ತಿನದು, ಉಚಿತ, ಮತ್ತೆ ಹಾಕಿಕೊಳ್ಳಬಹುದು. ಯಾವುದೋ ಡೌನ್‌ಲೋಡ್ ತಾಣದಿಂದ ಮಾತ್ರ ಇಳಿಸಬೇಡಿ.

ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮ ಯಂತ್ರದಲ್ಲಿ ವಿಂಡೋಸ್ 11 ಓಡುತ್ತದಾ ನೋಡಿ. ಹೊಸದು ಹಾಕುವಾಗ ಮನೆಯವರ ದಿನದ ಕೆಲಸಕ್ಕೆ ಅಡ್ಮಿನ್ ಅಲ್ಲದ ಸಾದಾ ಖಾತೆ ಮಾಡಿಕೊಡಿ.

ಶಹಾಪುರ ಗುಡ್ಡ (ಯಾದಗಿರಿ):

ಸರಿ ಬಿಡಿ, ರಿಮೂವರ್ ಮಾತು ವಾಪಸ್. ಆದರೆ ಜೆರಾಕ್ಸ್ ಅಂಗಡಿಗೆ ಹೋಗದೆ ನಡೆಯುತ್ತಾ? ನಮ್ಮ ಕಡೆ ಹುಡುಗರು ಆಧಾರ್, ಮಾರ್ಕ್ಸ್‌ಕಾರ್ಡ್, 371 ಜೆ ಸರ್ಟಿಫಿಕೇಟ್ ಎಲ್ಲ ಒಂದೇ ಪೆನ್‌ಡ್ರೈವ್‌ನಲ್ಲಿಟ್ಟುಕೊಂಡು ಅಂಗಡಿ ಅಂಗಡಿ ಸುತ್ತುತ್ತಾರೆ.

ಬಿದರಿ ಕುಸುರಿ (ಬೀದರ್):

ಹೋಗಲಿ, ಆದರೆ ಅಂಗಡಿಗೆ ಅಂತಲೇ ಒಂದು ಅಗ್ಗದ ಪೆನ್‌ಡ್ರೈವ್ ಇರಲಿ. ಅವತ್ತು ಬೇಕಾದ ಪಿಡಿಎಫ್ ಮಾತ್ರ ಅದರಲ್ಲಿ. ವಾಪಸ್ ಬಂದಮೇಲೆ ತೆರೆದು ನೋಡುವುದೇ ಬೇಡ, ಎಕ್ಸ್‌ಪ್ಲೋರರ್‌ನ ಎಡಗಡೆ ಪಟ್ಟಿಯಲ್ಲಿ ರೈಟ್ ಕ್ಲಿಕ್ ಮಾಡಿ ನೇರ ಫಾರ್ಮ್ಯಾಟ್. ಪಿಡಿಎಫ್ ಮಾಡಿದರೆ ಇನ್ನೊಂದು ಲಾಭ, ಅಂಗಡಿಯಲ್ಲಿ ನುಡಿ ಫಾಂಟ್ ಇಲ್ಲದಿದ್ದರೂ ಅಕ್ಷರ ಕೆಡುವುದಿಲ್ಲ.

ಬಿಸಿಲೂರು (ಕಲಬುರಗಿ):

ಫೈಲ್‌ಗಳೆಲ್ಲ ಸಿಕ್ಕವು. ಜೆರಾಕ್ಸ್ ಅಂಗಡಿಯವರಿಗೂ ಹೇಳಿದೆ. 'ನಮ್ಮ ಕಂಪ್ಯೂಟರ್‌ಗೆ ನೆಟ್ಟೇ ಇಲ್ಲ, ವೈರಸ್ ಎಲ್ಲಿಂದ ಬರಬೇಕು' ಅಂತ ನಕ್ಕರು.

ಬಿದರಿ ಕುಸುರಿ (ಬೀದರ್):

ನೆಟ್ ಇಲ್ಲ ಅಂದರೆ ಅವರ ಡಿಫೆಂಡರ್ ಅಪ್‌ಡೇಟ್ ಕಂಡಿರುವುದೂ ಅನುಮಾನ. ಊರಿನವರ ಪೆನ್‌ಡ್ರೈವೆಲ್ಲ ದಿನವಿಡೀ ಅಲ್ಲೇ ಹೋಗಿ ಬರುತ್ತವೆ. ಅವರಿಗೆ ಎಕ್ಸ್‌ಕ್ಲೂಷನ್ಸ್ ಪುಟ ತೆರೆದು ತೋರಿಸಿ, ಆ ಸ್ಪೇಸ್ ಇರುವ ಸಾಲು ಅಲ್ಲಿದೆಯಾ ನೋಡಿ. ಇದ್ದರೆ ಫೋನ್ ಹಾಟ್‌ಸ್ಪಾಟ್ ಕೊಟ್ಟು ಅಪ್‌ಡೇಟ್ ಮಾಡಿಸಿ, ಆಫ್‌ಲೈನ್ ಸ್ಕ್ಯಾನ್ ಹಚ್ಚಿಸಿ. ಗಿರಾಕಿ ಕಡಿಮೆ ಇರುವ ಮಧ್ಯಾಹ್ನದ ಹೊತ್ತು ಹೋಗಿ, ಒಪ್ಪುತ್ತಾರೆ.